ಉಮಿಯ ಬೂದಿ ಬೆರೆಸಿ ಅಡಿಕೆ ಅಂಗಳ ಹಾಕಿದ್ದು

ಕುಮಟಾದ ಕಡಲಂಚಿಗೆ ಹತ್ತಿರವಿರುವ ನನ್ನ ತಂಗಿಯ ಮನೆಯ ಜಗುಲಿಯ ಸ್ಲ್ಯಾಬಿನಿಂದ ಒಂದು ಮಳೆಗಾಲದ ಕೊನೆಯಲ್ಲಿ ಅಂಗೈ ಅಗಲದ ಕಾಂಕ್ರೀಟಿನ ಹಕ್ಕಳೆಯೊಂದು ಕಳಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಏಣಿ ಹತ್ತಿ ನೋಡಿದಾಗ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ, ತನ್ನ ಮೇಲಿನ ಹೊದಿಕೆಯನ್ನು ಒಳಗಿನಿಂದಲೇ ಸೀಳಿದ್ದು ಕಂಡಿತು. ಸಿವಿಲ್ ಡಿಪ್ಲೊಮಾ ಮುಗಿಸಿ ಇಪ್ಪತ್ತೆರಡು ವರ್ಷಗಳಿಂದ ಶಿರಸಿಯ ಸುತ್ತಮುತ್ತ ಮನೆ, ಕೊಟ್ಟಿಗೆ, ಅಂಗಳಗಳನ್ನು ಕಟ್ಟಿಸುತ್ತ ಬಂದಿರುವ ನನಗೆ ಇಂಥ ದೃಶ್ಯ ಹೊಸದಲ್ಲ. ಆದರೆ ಆ ಸ್ಲ್ಯಾಬನ್ನು ನಾನೇ ನಿಂತು ಹಾಕಿಸಿದ್ದೆ. ಸಿಮೆಂಟಿಗೆ ಕೊರತೆ ಮಾಡಿರಲಿಲ್ಲ, ಮರಳೂ ಒಳ್ಳೆಯದೇ ಇತ್ತು. ಕಲಸಿದ್ದು ಸಲೀಸಾಗಿ ಹರಿಯಲೆಂದು ನೀರು ಹೆಚ್ಚು ಹಾಕಲು ಒಪ್ಪಿದ್ದೆ, ಸರಳಿನ ಕೆಳಗಿನ ಹೊದಿಕೆ ತೆಳುವಾಗಿದ್ದುದನ್ನು ಗಮನಿಸಿರಲಿಲ್ಲ. ಹೆಚ್ಚಾದ ನೀರು ಆವಿಯಾಗಿ ಹೋದಮೇಲೆ ಉಳಿಯುವ ಸೂಕ್ಷ್ಮ ರಂಧ್ರಗಳ ಮೂಲಕವೇ ಕಡಲಗಾಳಿಯ ಉಪ್ಪು ಸರಳಿನವರೆಗೆ ತಲುಪುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಂದಿನಿಂದ ನಮ್ಮ ಜಿಲ್ಲೆಯಲ್ಲಿ ಕಾಂಕ್ರೀಟಿನ ಆಯುಸ್ಸಿನ ಮಾತು ಚಹದಂಗಡಿಯಲ್ಲೂ ಕೇಳಿಬರುತ್ತದೆ. ಆ ಕುಸಿತದ ಕಾರಣ ಹೇಳಲು ನಾನು ಯಾರೂ ಅಲ್ಲ. ತಂಗಿಯ ಜಗುಲಿಗೆ ಮಾತ್ರ ನಾನೇ ಉತ್ತರ ಹೇಳಬೇಕಿತ್ತು.

ರಂಧ್ರ ಕಡಿಮೆಯಿರುವ, ಒತ್ತಾದ ಕಾಂಕ್ರೀಟನ್ನು ಮಾಡುವ ದಾರಿ ಹುಡುಕುತ್ತ ನಾನು ಭತ್ತದ ಉಮಿಯ ಬೂದಿಗೆ ಬಂದು ನಿಂತೆ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಅಂಟಿನಂತೆ ಹಿಡಿಯುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಹುಟ್ಟುತ್ತದೆ, ಅದರ ಜೊತೆಗೇ ಬಲವಿಲ್ಲದ ಸುಣ್ಣವೂ ಹುಟ್ಟುತ್ತದೆ. ಮರಳಿನ ಮುಖ್ಯ ಅಂಶವಾದ ಸಿಲಿಕಾ ಚುರುಕಾದ ರೂಪದಲ್ಲಿ ಹತ್ತಿರದಲ್ಲಿದ್ದರೆ ಆ ಸುಣ್ಣ ಅದರೊಡನೆ ಸೇರಿ ಮತ್ತಷ್ಟು ಅಂಟಾಗುತ್ತದೆ, ರಂಧ್ರಗಳು ಕಿರಿದಾಗುತ್ತವೆ. ಭತ್ತದ ಗಿಡ ಮಣ್ಣಿನಿಂದ ಹೀರಿದ ಸಿಲಿಕಾವನ್ನು ಉಮಿಯಲ್ಲಿ ಕೂಡಿಡುತ್ತದೆ. ಸರಿಯಾಗಿ ಸುಟ್ಟ ಉಮಿಯ ಬೂದಿಯಲ್ಲಿ ಸಾಮಾನ್ಯವಾಗಿ ಶೇಕಡಾ 85ಕ್ಕೂ ಹೆಚ್ಚು ಸಿಲಿಕಾ ಇರುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಪಿ. ಕೆ. ಮೆಹ್ತಾ ಅವರು 1970ರ ದಶಕದಲ್ಲೇ ಇದರ ಮೇಲೆ ಕೆಲಸ ಮಾಡಿದ್ದಾರೆ. ಇಂಥದೇ ತತ್ವದ, ಕಾರ್ಖಾನೆಯ ಕುಲುಮೆಗಳಿಂದ ಸಿಗುವ ಸಿಲಿಕಾ ಫ್ಯೂಮ್ ಎಂಬ ಅತಿ ನುಣ್ಣನೆಯ ಪುಡಿಯನ್ನು ನಮ್ಮ ಜಿಲ್ಲೆಯ ಕೈಗಾ ಅಣು ವಿದ್ಯುತ್ ಸ್ಥಾವರದ ಗುಮ್ಮಟದ ಕಾಂಕ್ರೀಟಿನಲ್ಲಿ ಬಳಸಿದ್ದಾರೆ. ಕಾಂಕ್ರೀಟಿನ ನಮ್ಮ ರಾಷ್ಟ್ರೀಯ ಮಾನಕವಾದ ಐಎಸ್ 456:2000 ಕೂಡ ಉಮಿಯ ಬೂದಿಗೆ ಅವಕಾಶ ಕೊಡುತ್ತದೆ. ಆದರೆ ಅದರ ಜೊತೆಗಿರುವ ಟಿಪ್ಪಣಿಯನ್ನು ನಾನು ಮೊದಲೇ ಗಮನವಿಟ್ಟು ಓದಬೇಕಿತ್ತು: ಬೂದಿ ಎಲ್ಲಿಂದ ಬಂತೋ ಅದನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕು, ಏಕೆಂದರೆ ಕೆಟ್ಟ ಬೂದಿ ಕಾಂಕ್ರೀಟಿಗೆ ಹೂಳಿನಷ್ಟೇ ಹಾನಿ ಮಾಡಬಲ್ಲದು ಎಂದು ಅಲ್ಲಿ ಹೇಳಿದೆ.

ಮೊದಲು ನಾನು ಕೈಗೆ ಸಿಕ್ಕಿದ ಬೂದಿಯಿಂದಲೇ ಆರಂಭಿಸಿದೆ. ಅಡಿಕೆ ಬೇಯಿಸುವ ಒಲೆಯಲ್ಲಿ ಸಿಪ್ಪೆ, ಹಾಳೆ, ಕಟ್ಟಿಗೆ ಎಲ್ಲವೂ ಸುಟ್ಟು ರಾಶಿ ಬೂದಿ ಬಿದ್ದಿರುತ್ತದೆ. ನಮ್ಮ ತೋಟಗಳಿಗೆ ಅದು ಗೊಬ್ಬರ. ಗೊಬ್ಬರವಾಗುವ ಕಾರಣವೇ ಅದನ್ನು ಕಾಂಕ್ರೀಟಿಗೆ ಒಲ್ಲದಂತೆ ಮಾಡುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಒಲೆಬೂದಿಯಲ್ಲಿ ಪೊಟ್ಯಾಷಿನಂಥ ಕ್ಷಾರಗಳು ಹೆಚ್ಚು. ಕಾಂಕ್ರೀಟಿನಲ್ಲಿ ಕ್ಷಾರ ಹೆಚ್ಚಾದರೆ ಕೆಲವು ಜಾತಿಯ ಜಲ್ಲಿಯೊಡನೆ ಅದು ನಿಧಾನವಾಗಿ ವರ್ತಿಸಿ, ವರ್ಷಗಳ ನಂತರ ಒಳಗಿನಿಂದ ಬಿರುಕು ತರುತ್ತದೆ. ಕಲಿಸುವ ಕೆಲಸದಲ್ಲಿರುವ ಗೆಳೆಯರೊಬ್ಬರು ಇದನ್ನು ವಿವರಿಸಿದ ದಿನವೇ ಆ ಬೂದಿಯ ಚೀಲಗಳು ತೋಟಕ್ಕೆ ಮರಳಿದವು.

ಆಮೇಲೆ ಬನವಾಸಿ ಕಡೆಯ ಒಂದು ಅಕ್ಕಿ ಮಿಲ್ಲಿಗೆ ಹೋದೆ. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಬಾಯ್ಲರಿನಲ್ಲಿ ಉಮಿಯನ್ನೇ ಉರುವಲಾಗಿ ಬಳಸುತ್ತಿದ್ದರು, ಹಿಂದಿನ ಗುಂಡಿಯಲ್ಲಿ ಬೂದಿ ಗುಡ್ಡೆ ಬಿದ್ದಿತ್ತು. ಯಜಮಾನರು ದುಡ್ಡು ಬೇಡವೆಂದರು. ಹತ್ತು ಚೀಲ ತುಂಬಿಸಿಕೊಂಡು ಬಂದು ಜರಡಿ ಹಿಡಿದು, ಸಿಮೆಂಟಿನ ತೂಕದ ಶೇಕಡಾ 10ರಷ್ಟನ್ನು ತೆಗೆದು ಅದರ ಜಾಗದಲ್ಲಿ ಇದನ್ನು ಹಾಕಿ ಕಲಸಿದೆವು. ಬೂದಿ ಇದ್ದಿಲಿನಂತೆ ಕಪ್ಪಗಿತ್ತು. ನೀರು ಎಷ್ಟು ಹಾಕಿದರೂ ಕುಡಿಯುತ್ತಲೇ ಹೋಯಿತು. ಬಾಂಡ್ಲಿಯಲ್ಲಿ ಕಾಂಕ್ರೀಟು ಒಣ ಹಿಟ್ಟಿನಂತೆ ಒಡೆಯುತ್ತಿತ್ತು, ಸರಿ ಹದಕ್ಕೆ ತರುವಷ್ಟು ನೀರು ಸುರಿದಾಗ ಯಾವ ತಪ್ಪಿಗಾಗಿ ತಂಗಿಯ ಮನೆಯಲ್ಲಿ ತಲೆತಗ್ಗಿಸಿದ್ದೆನೋ ಅದೇ ತಪ್ಪು ಮತ್ತೆ ನನ್ನ ಕಣ್ಣೆದುರು ನಡೆಯಿತು. ಏಳು ದಿನ ಬಿಟ್ಟು ನೋಡಿದಾಗ ಅಂಚುಗಳು ಹೆಬ್ಬೆರಳಿಗೆ ಉದುರಿದವು. ಬಾಯ್ಲರಿಗೆ ಬೇಕಾದದ್ದು ಉಗಿ. ಉಮಿ ಪೂರ್ತಿ ಸುಟ್ಟಿತೋ ಇಲ್ಲವೋ ಎಂಬ ಲೆಕ್ಕ ಅದಕ್ಕಿಲ್ಲ. ಸುಡದೆ ಉಳಿದ ಇಂಗಾಲವೇ ಆ ಕಪ್ಪು, ಅದೇ ನೀರನ್ನೂ ಹೀರುತ್ತದೆ. ಅಷ್ಟಕ್ಕೂ ಮಿಲ್ಲಿನ ಬೆಂಕಿ ಒಂದು ಮೂಲೆಯಲ್ಲಿ ಮಂದ, ಇನ್ನೊಂದು ಮೂಲೆಯಲ್ಲಿ ಅತಿ ಪ್ರಖರವಾಗಿರುವುದರಿಂದ ಒಂದೇ ಗುಂಡಿಯ ಎರಡು ಚೀಲಗಳೂ ಒಂದೇ ತರಹ ಇರುವುದಿಲ್ಲ.

ಹೀಗಾಗಿ ಬೆಂಕಿಯನ್ನು ನಾನೇ ನೋಡಿಕೊಳ್ಳಬೇಕಾಯಿತು. ಇಡೀ ಕೆಲಸದಲ್ಲಿ ನನ್ನ ಹೆಚ್ಚಿನ ದಿನಗಳು, ಹೆಚ್ಚಿನ ರಾತ್ರಿಗಳು ಕಳೆದದ್ದು ಇಲ್ಲಿಯೇ. ಉಮಿಯ ಸಿಲಿಕಾ ಸುಮಾರು 600ರಿಂದ 700 ಡಿಗ್ರಿ ಸೆಲ್ಸಿಯಸ್ ಒಳಗೆ ಸುಟ್ಟರೆ ಹರಳುಗಟ್ಟದೆ, ಸುಣ್ಣದೊಡನೆ ಕೂಡಲು ಹಾತೊರೆಯುವ ಸ್ಥಿತಿಯಲ್ಲಿ ಉಳಿಯುತ್ತದೆ. 800 ದಾಟಿ ಬಹಳ ಹೊತ್ತು ನಿಂತರೆ ಹರಳುಗಟ್ಟತೊಡಗಿ ನುಣ್ಣನೆಯ ಮರಳಿನಂತೆ ಜಡವಾಗುತ್ತದೆ. ಕಡಿಮೆ ಸುಟ್ಟರೆ ಇಂಗಾಲ, ಹೆಚ್ಚು ಸುಟ್ಟರೆ ಜಡತೆ. 200 ಲೀಟರಿನ ಹಳೆಯ ಡ್ರಮ್ಮಿನ ಮುಚ್ಚಳ ಕತ್ತರಿಸಿ, ಬುಡದ ಸುತ್ತ ತೂತು ಕೊರೆಸಿ, ನಡುವೆ ಜಾಲರಿಯನ್ನು ಕೊಳವೆಯಂತೆ ಸುತ್ತಿ ನಿಲ್ಲಿಸಿ, ಅದರ ಸುತ್ತ ಉಮಿ ತುಂಬಿದೆವು. ಕೊಳವೆಯ ಬುಡಕ್ಕೆ ತೆಂಗಿನ ಕರಟದ ಕೆಂಡ. ಗಾಳಿ ನಡುವಿನಿಂದ ಏರುತ್ತ ಉಮಿ ಒಳಗಿನಿಂದ ಹೊರಕ್ಕೆ ಜ್ವಾಲೆಯಿಲ್ಲದೆ ಕನಲುತ್ತ ಹೋಗುತ್ತದೆ. ಗೆಳೆಯರಿಂದ ಎರವಲು ತಂದ, ಶಾಖ ಅಳೆಯುವ ಥರ್ಮೊಕಪಲ್ ತಂತಿಯನ್ನು ಮೂರು ಎತ್ತರಗಳಲ್ಲಿ ಚುಚ್ಚಿ, ಅರ್ಧ ಗಂಟೆಗೊಮ್ಮೆ ಟಾರ್ಚು ಹಿಡಿದು ಅಂಕಿ ಬರೆದುಕೊಂಡೆ.

ಮೊದಲ ರಾತ್ರಿ ಡ್ರಮ್ಮನ್ನು ಬೋಳುಗುಡ್ಡದ ಬಯಲಿನಲ್ಲಿಟ್ಟಿದ್ದೆ. ಮಾಘದ ಗಾಳಿಗೆ ಶಾಖ 800 ದಾಟಿತು. ಎರಡನೆಯ ರಾತ್ರಿ ಕೊಟ್ಟಿಗೆಯ ಮರೆಯಲ್ಲಿಟ್ಟು, ಬೇಗ ಸುಡಲೆಂದು ಕೋಲಿನಿಂದ ಕೆದಕಿದೆ. ಮೇಲಿನ ಹಸಿ ಉಮಿ ಒಳಗಿನ ಕೆಂಡದ ಮೇಲೆ ಕುಸಿದು, ಬೆಳಿಗ್ಗೆ ನೋಡಿದರೆ ಅರ್ಧ ಬಿಳಿ, ಅರ್ಧ ಕಪ್ಪು. ಆಯಿ ಕೊಟ್ಟಿಗೆಗೆ ಬಂದವಳು ಇಣುಕಿ ನೋಡಿ, "ಕೈ ಹಾಕಡ ತಮಾ, ಅದರಷ್ಟಕ್ಕೆ ಅದು ಬೇಯಲಿ" ಎಂದಳು. ಹಲ್ಲು ತಿಕ್ಕುವ ಮಸಿಗೆ ಉಮಿ ಸುಡುತ್ತಿದ್ದ ಕಾಲದವಳು ಅವಳು. ಮಸಿ ಬೇಕಾದರೆ ನಡುವೆ ಆರಿಸಬೇಕು, ಬಿಳಿ ಬೂದಿ ಬೇಕಾದರೆ ಮುಟ್ಟಬಾರದು ಎಂಬುದು ಅವಳಿಗೆ ಬಾಲ್ಯದಿಂದಲೇ ಗೊತ್ತು. ಮೂರನೆಯ ಸಲ ಮುಟ್ಟಲಿಲ್ಲ. ಬುಡದ ತೂತುಗಳಲ್ಲಿ ಅರ್ಧದಷ್ಟನ್ನು ಹಸಿ ಮಣ್ಣಿನಿಂದ ಮುಚ್ಚಿ ಗಾಳಿಯನ್ನು ಹಿಡಿತದಲ್ಲಿಟ್ಟೆ. ಅಂಕಿ 650ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ನಿಂತಿತು. ಮರುದಿನ ಸಂಜೆ ಡ್ರಮ್ಮು ತಣ್ಣಗಾದ ಮೇಲೆ ತೆಗೆದಾಗ ತಿಳಿ ಬೂದುಬಣ್ಣದ, ಉಮಿಯ ಆಕಾರವನ್ನೇ ಉಳಿಸಿಕೊಂಡ, ಬೆರಳಿಗೆ ತಾಗಿದರೆ ಪುಡಿಯಾಗುವ ಬೂದಿ ಕಂಡಿತು. ಆ ಹೊತ್ತಿನ ಸಂತೋಷವನ್ನು ನಾನು ಮರೆಯಲಾರೆ.

ಒಂದು ಡ್ರಮ್ಮಿನಲ್ಲಿ ಹಿಡಿಯುವುದು ಸುಮಾರು 20 ಕಿಲೋ ಉಮಿ, ಸಿಗುವ ಬೂದಿ ಸುಮಾರು 4 ಕಿಲೋ. ಅದನ್ನು ಸಿಮೆಂಟಿನಷ್ಟಾದರೂ ನುಣ್ಣಗೆ ಅರೆಯದಿದ್ದರೆ ಪ್ರಯೋಜನವಿಲ್ಲ, ಏಕೆಂದರೆ ಉಮಿಯ ಆಕಾರದಲ್ಲೇ ಉಳಿದ ಬೂದಿ ಜೇನುಗೂಡಿನಂತೆ ಟೊಳ್ಳಾಗಿದ್ದು ನೀರನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಹಿಟ್ಟಿನ ಗಿರಣಿಯವರು ಒಪ್ಪಲಿಲ್ಲ, ಒಪ್ಪಬಾರದು ಕೂಡ. ಕೊನೆಗೆ ನನ್ನ ಚಿಕ್ಕ ಮಿಕ್ಸರ್ ಯಂತ್ರದೊಳಗೆ ಸರಳಿನ ತುಂಡುಗಳನ್ನು ತುಂಬಿ, ಬಾಯಿಗೆ ದಪ್ಪ ತಾಡಪಾಲು ಬಿಗಿದು, ಒಂದೊಂದು ಹೊರೆಯನ್ನು ಗಂಟೆಗಟ್ಟಲೆ ತಿರುಗಿಸಿದೆವು. ಈ ಹಂತದ ದೂಳಿನ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳಲಿಲ್ಲ. ಹರಳುಗಟ್ಟಿದ ಸಿಲಿಕಾದ ದೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ಗುಣವಾಗುವುದಿಲ್ಲ. ನಮ್ಮ ಬೂದಿಯಲ್ಲಿ ಹರಳು ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಮುಖಕ್ಕೆ ಪಂಚೆ ಸುತ್ತಿಕೊಂಡರೆ ಸಾಲದೆಂದು ಹೇಳಿ ಎಲ್ಲರಿಗೂ ಸರಿಯಾದ ಮಾಸ್ಕ್ ತರಿಸಿದೆ.

ನನ್ನ ಮೇಸ್ತ್ರಿ ಅಂಕೋಲೆ ಕಡೆಯವರು, ಹದಿನೈದು ವರ್ಷಗಳಿಂದ ಜೊತೆಗಿದ್ದಾರೆ. "ಹೆಗಡೇರೆ, ಬೂದಿ ಬೆರೆಸಿದ ಕಾಂಕ್ರೀಟು ಅಂದ್ರೆ ನಾಳೆ ನನ್ನ ಹೆಸರೇ ಹಾಳಾಗ್ತದೆ" ಎಂದು ಅವರು ನೇರವಾಗಿಯೇ ಹೇಳಿದರು. ಅವರ ಸಂಶಯ ನ್ಯಾಯವಾದದ್ದು. ಕರಿಬೂದಿಯ ಗತಿಯನ್ನು ಅವರೂ ಕಂಡಿದ್ದರು. ಹಳೆಯ ಸುರ್ಕಿ ಗಾರೆಯನ್ನು ಅವರಿಗೆ ನೆನಪಿಸಿದೆ. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡುವ ಆ ಗಾರೆಯಿಂದಲೇ ಕನ್ನಂಬಾಡಿ ಕಟ್ಟೆ ಎದ್ದಿದೆ, ಸುಟ್ಟ ಮಣ್ಣಿನ ಸಿಲಿಕಾ ಮಾಡುವ ಕೆಲಸವನ್ನೇ ಸುಟ್ಟ ಉಮಿಯ ಸಿಲಿಕಾ ಮಾಡಬೇಕು. ಮಾತಿಗಿಂತ ನೋಡಿದರೆ ನಂಬುತ್ತಾರೆಂದು ಅಘನಾಶಿನಿ ಕಡೆಯ ಚಿಪ್ಪಿಸುಣ್ಣ ತರಿಸಿ, ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಬೂದಿ ಸೇರಿಸಿ, ಸಿಮೆಂಟು ಒಂದು ಕಣವೂ ಇಲ್ಲದೆ ಬಿಲ್ಲೆಗಳನ್ನು ಮಾಡಿ ಒದ್ದೆ ಗೋಣಿತಾಟಿನ ಕೆಳಗಿಟ್ಟೆವು. ಹತ್ತನೆಯ ದಿನ ಮೇಸ್ತ್ರಿಯೇ ಮೊಳೆ ಹಿಡಿದು ಗೀರಿದರು. ಮಿಲ್ಲಿನ ಕರಿಬೂದಿಯದು ಪುಡಿಯಾಯಿತು. ಮೊದಲ ರಾತ್ರಿಯ, 800 ದಾಟಿದ ಬೂದಿಯದರಲ್ಲಿ ಆಳವಾದ ಗೆರೆ ಬಿತ್ತು. ಮೂರನೆಯ ರಾತ್ರಿಯ ಬೂದಿಯ ಬಿಲ್ಲೆಯ ಮೇಲೆ ಮೊಳೆ ಜಾರಿತು. ಅವರು ಏನೂ ಹೇಳಲಿಲ್ಲ, ಆ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡರು.

ಇನ್ನೊಂದು ತೊಡಕು ಅಂಗಡಿಯಲ್ಲಿ ಎದುರಾಯಿತು. ನಮ್ಮಲ್ಲಿ ಹೆಚ್ಚಾಗಿ ಮಾರುವುದು ಪಿಪಿಸಿ ಸಿಮೆಂಟು. ಅದರಲ್ಲಿ ಕಾರ್ಖಾನೆಯಲ್ಲೇ ಶೇಕಡಾ 15ರಿಂದ 35ರವರೆಗೆ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟಾಗ ಸಿಗುವ ನುಣ್ಣನೆಯ ಬೂದಿ, ಸೇರಿರುತ್ತದೆ. ಅದಕ್ಕೆ ನಾವು ಮತ್ತೆ ಉಮಿಬೂದಿ ಸೇರಿಸಿದರೆ ಇರುವಷ್ಟೇ ಸುಣ್ಣಕ್ಕೆ ಎರಡು ಬೂದಿಗಳು ಪೈಪೋಟಿ ನಡೆಸುತ್ತವೆ. ಸುಣ್ಣ ತೀರ ಕಡಿಮೆಯಾದರೆ ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರಗುಣವೂ ಕುಗ್ಗುತ್ತದೆ. ಆದ್ದರಿಂದ ಬೂದಿ ಬೆರೆಸದ ಒಪಿಸಿ ಸಿಮೆಂಟನ್ನೇ ಹೇಳಿ ತರಿಸಿದೆ. ಈ ಪ್ರಯೋಗಕ್ಕೆ ಇಳಿಯುವ ಯಾರೇ ಆದರೂ ಮೊದಲು ಮೂಟೆಯ ಮೇಲಿನ ಅಕ್ಷರ ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಯಂತ್ರದಲ್ಲಿ ಒತ್ತಿ ಒಡೆದು ಬಲ ಅಳೆಯುವ ಕಾಂಕ್ರೀಟಿನ ಕ್ಯೂಬುಗಳನ್ನು ನಾಲ್ಕು ಬಗೆಯಾಗಿ ಹಾಕಿದೆವು: ಬೂದಿ ಇಲ್ಲದವು, ಶೇಕಡಾ 10, 15 ಮತ್ತು 20ರವು. ಬಗೆಗೆ ಒಂಬತ್ತರಂತೆ ಒಟ್ಟು 36; ಪ್ರತಿಯೊಂದೂ 150 ಮಿಲಿಮೀಟರಿನ ಘನ, ತೂಕ ಎಂಟು ಕಿಲೋದ ಮೇಲೆ. ಈ ಸಲ ನೀರನ್ನು ನಾಲ್ಕಕ್ಕೂ ಒಂದೇ ಅಳತೆಯಲ್ಲಿಟ್ಟು, ಬಿಗಿಯಾದದ್ದನ್ನು ಪ್ಲಾಸ್ಟಿಸೈಸರ್ ದ್ರಾವಣದಿಂದ ಮಾತ್ರ ಸಡಿಲಿಸಿದೆವು. ಬೂದಿಯನ್ನು ತಕ್ಕಡಿಯಲ್ಲೇ ತೂಗಬೇಕೆಂದು ಹಠ ಹಿಡಿದೆ, ಏಕೆಂದರೆ ಅದು ಸಿಮೆಂಟಿಗಿಂತ ಬಹಳ ಹಗುರ; 50 ಕಿಲೋದ ಮೂಟೆಯಲ್ಲಿ ಶೇಕಡಾ 10 ಎಂದರೆ 5 ಕಿಲೋ, ಆದರೆ ಆ 5 ಕಿಲೋ ಬಕೆಟ್ ತುಂಬಿ ಕಾಣುತ್ತದೆ. ಬುಟ್ಟಿಯ ಲೆಕ್ಕದಲ್ಲಿ ಅಳೆದರೆ ಎಲ್ಲವೂ ತಲೆಕೆಳಗಾಗುತ್ತದೆ.

ಪರೀಕ್ಷೆ ಮಾಡಿಸಿದ್ದು ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ. ಏಳನೆಯ ದಿನದ ಫಲಿತಾಂಶ ಕಂಡು ಎದೆ ಕುಸಿಯಿತು: ಬೂದಿಯಿದ್ದ ಮೂರೂ ಬಗೆ ಬೂದಿಯಿಲ್ಲದ್ದಕ್ಕಿಂತ ಹಿಂದಿದ್ದವು, ಬೂದಿ ಹೆಚ್ಚಾದಷ್ಟೂ ಹಿಂದೆ. ಸಿಲಿಕಾ ಕೆಲಸ ಮಾಡಬೇಕಾದರೆ ಮೊದಲು ಸಿಮೆಂಟು ಸುಣ್ಣ ಬಿಡಬೇಕು, ಆದ್ದರಿಂದ ತಡವಾಗುವುದು ಸಹಜ ಎಂದು ಓದಿ ತಿಳಿದಿದ್ದರೂ, ಯಂತ್ರದ ಮುಳ್ಳು ಬೇಗ ಹಿಂದಿರುಗುವುದನ್ನು ನೋಡುವುದು ಬೇರೆಯೇ ಅನುಭವ. ಮುಂದಿನ ಮೂರು ವಾರ ಕ್ಯೂಬುಗಳು ನೀರಿನ ತೊಟ್ಟಿಯಲ್ಲಿದ್ದವು. ಕಾಂಕ್ರೀಟಿನ ಬಲದ ಎಂ20 ದರ್ಜೆಗೆ 28ನೆಯ ದಿನ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳಬೇಕು, ಅಂದರೆ ಒಂದು ಕ್ಯೂಬಿನ ಮೇಲೆ 450 ಕಿಲೋನ್ಯೂಟನ್, ಸುಮಾರು 45 ಟನ್ನಿನ ಭಾರ. ಅಂದು ಶೇಕಡಾ 10ರ ಮೂರೂ ಕ್ಯೂಬುಗಳು ಆ ಗೆರೆಯನ್ನು ಸಾಕಷ್ಟು ದೂರ ದಾಟಿದವು, ಬೂದಿಯಿಲ್ಲದವುಗಳಿಗಿಂತ ತುಸು ಮುಂದೆಯೇ ನಿಂತವು. ಶೇಕಡಾ 15ರವು ದಾಟಿದರೂ ಒಂದಕ್ಕೊಂದು ಅಂತರವಿತ್ತು. ಶೇಕಡಾ 20ರವುಗಳಲ್ಲಿ ಒಂದು ಗೆರೆಯ ಕೆಳಗೇ ಒಡೆಯಿತು. ಒಡೆದ ಮೈಯಲ್ಲಿ ಸಣ್ಣ ಸಣ್ಣ ಬೂದಿಯ ಉಂಡೆಗಳು ಕಲಸದೆ ಉಳಿದಿದ್ದವು. 56ನೆಯ ದಿನಕ್ಕೆ 15ರವು ಚೇತರಿಸಿಕೊಂಡವು. ನಮ್ಮಲ್ಲಿರುವ ಡ್ರಮ್ಮು, ಮಿಕ್ಸರುಗಳ ಮಟ್ಟಕ್ಕೆ ಶೇಕಡಾ 10ರ ಆಚೆ ಹೋಗಬಾರದೆಂದು ಅಂದೇ ತೀರ್ಮಾನಿಸಿದೆ.

ಮಳೆಗಾಲ ಕಳೆದು ಅಕ್ಟೋಬರ್ ಕೊನೆಯಲ್ಲಿ, ಅಡಿಕೆ ಕೊಯ್ಲು ಶುರುವಾಗುವ ಮುನ್ನ, ನಮ್ಮ ಮನೆಯ ಅಂಗಳಕ್ಕೆ ಕಾಂಕ್ರೀಟು ಹಾಕಿದೆವು. ಸ್ಲ್ಯಾಬಿಗಾಗಲಿ ಕಂಬಕ್ಕಾಗಲಿ ಇದನ್ನು ಬಳಸುವ ಧೈರ್ಯ ನನಗಿರಲಿಲ್ಲ, ಇಂದಿಗೂ ಇಲ್ಲ. ಮಾನಕದ ಪ್ರಕಾರ ಅದಕ್ಕೆ ಜವಾಬ್ದಾರಿ ಹೊತ್ತ ಅಧಿಕಾರಿಯ ಒಪ್ಪಿಗೆಯೂ ಬೇಕು. ಅಂಗಳ ನೆಲದ ಮೇಲೆ ಕುಳಿತಿರುತ್ತದೆ, ಕೆಟ್ಟರೆ ಯಾರ ತಲೆಯ ಮೇಲೂ ಬೀಳುವುದಿಲ್ಲ. ಇಪ್ಪತ್ತು ಅಡಿಗೆ ಹದಿನೈದು ಅಡಿಯ, ನಾಲ್ಕು ಇಂಚು ದಪ್ಪದ ಎರಡು ಭಾಗಗಳನ್ನು ಪಕ್ಕಪಕ್ಕದಲ್ಲಿ ಹಾಕಿದೆವು. ಪಡುವಣ ಭಾಗಕ್ಕೆ ಬರಿಯ ಸಿಮೆಂಟು, 23 ಮೂಟೆ. ಮೂಡಣ ಭಾಗಕ್ಕೆ 21 ಮೂಟೆ ಸಿಮೆಂಟು, ಸುಮಾರು 115 ಕಿಲೋ ಬೂದಿ. ಆ ಬೂದಿಗಾಗಿ ಬೇಸಿಗೆಯಲ್ಲಿ ಇಪ್ಪತ್ತೊಂಬತ್ತು ಡ್ರಮ್ಮು ಉಮಿ ಸುಟ್ಟಿದ್ದೆವು. ಬೂದಿಯ ಭಾಗದ ಮೇಲೆ ನೀರು ತೇಲಿ ಬರಲಿಲ್ಲ, ಕರಣೆಗೆ ತುಸು ಅಂಟುತ್ತಿತ್ತು, ಮಟ್ಟ ಮಾಡಲು ಮೇಸ್ತ್ರಿಗೆ ಹೆಚ್ಚು ಹೊತ್ತು ಹಿಡಿಯಿತು.

ನೀರುಣಿಸುವ ವಿಷಯದಲ್ಲಿ ಮನೆಯೊಳಗೇ ಸಣ್ಣ ಜಗಳವಾಯಿತು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ, ಇಂಥ ಬೂದಿ ಬೆರೆತದ್ದಕ್ಕೆ ಕನಿಷ್ಠ ಹತ್ತು ದಿನ ಒದ್ದೆಯಾಗಿಡಬೇಕೆಂದು ಮಾನಕ ಹೇಳುತ್ತದೆ. ನಾನು ಹದಿನಾಲ್ಕು ದಿನ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದೆ. ಅಷ್ಟರಲ್ಲಿ ಮೊದಲ ಕೊಯ್ಲಿನ ಗೊನೆ ಇಳಿದು, ಬಿಸಿಲಲ್ಲಿ ಒಣಗಿಸುವ ಚಾಲಿಗೆ ಹರಡಲು ಜಾಗವಿಲ್ಲದೆ ಅಡಿಕೆ ಜಗುಲಿಯಲ್ಲಿ ರಾಶಿ ಬಿದ್ದಿತ್ತು. ಅಪ್ಪಯ್ಯ ದಿನಾ ಬೆಳಿಗ್ಗೆ ನಿಂತ ನೀರನ್ನು ನೋಡಿ ಒಳಗೆ ಹೋಗುತ್ತಿದ್ದರು. ಹದಿನೈದನೆಯ ದಿನ ಬದು ಒಡೆದಾಗ ಅವರೇ ಮೊದಲ ಬುಟ್ಟಿ ಅಡಿಕೆಯನ್ನು ಮೂಡಣ ಭಾಗದಲ್ಲಿ ಸುರಿದರು.

ಒಂದು ಪೂರ್ತಿ ಮಳೆಗಾಲ ಅದರ ಮೇಲೆ ಹರಿದು ಹೋಗಿದೆ. ಎರಡೂ ಭಾಗಗಳ ಮೈ ಗಟ್ಟಿಯಾಗಿದೆ. ಮಳೆ ನಿಂತ ಮೇಲೆ ಪಡುವಣ ಭಾಗದಲ್ಲಿ ಪಾಚಿ ಹೆಚ್ಚು ದಟ್ಟವಾಗಿ ಹಿಡಿದಿತ್ತು, ಮೂಡಣ ಭಾಗ ಬೇಗ ಒಣಗಿತು. ನೆರಳು ಬಿಸಿಲಿನ ವ್ಯತ್ಯಾಸವೂ ಅದಕ್ಕೆ ಕಾರಣವಿರಬಹುದಾದ್ದರಿಂದ ಅದನ್ನು ಬೂದಿಯ ಲೆಕ್ಕಕ್ಕೆ ಬರೆಯಲಾರೆ. ಮೂಡಣ ಭಾಗದ ಒಂದು ಮೂಲೆಯಲ್ಲಿ ಕೂದಲೆಳೆಯ ಬಿರುಕೊಂದು ಬಿದ್ದಿದೆ. ಅಷ್ಟು ಅಗಲಕ್ಕೆ ನಡುವೆ ಒಂದು ಸಂದು ಬಿಡಬೇಕಿತ್ತು. ಬೂದಿ ಬೆರೆತದ್ದು ಒಣಗುವಾಗ ಎಷ್ಟು ಕುಗ್ಗುತ್ತದೆಂದು ಮೊದಲೇ ನೋಡಿಕೊಳ್ಳಬೇಕೆಂಬ ಮಾತು ಮಾನಕದಲ್ಲೇ ಇತ್ತು.

ಹಣದ ಲೆಕ್ಕದಲ್ಲಿ ಈ ಅಂಗಳ ಉಳಿತಾಯ ಮಾಡಲಿಲ್ಲ. ಎರಡು ಮೂಟೆ ಸಿಮೆಂಟಿನ ಬೆಲೆಗಿಂತ ಡ್ರಮ್ಮು, ಸಾಗಣೆ, ರಾತ್ರಿಗಳ ಕೂಲಿ ಹೆಚ್ಚಾಯಿತು. ಉಮಿಯೂ ಈಗ ಪುಕ್ಕಟೆ ಕಸವಲ್ಲ, ಇಟ್ಟಿಗೆ ಭಟ್ಟಿಯವರು, ಕೋಳಿ ಸಾಕುವವರು ಕೊಳ್ಳುತ್ತಾರೆ. ಆದರೆ ಲೆಕ್ಕವನ್ನು ಮಿಲ್ಲಿನ ಕಡೆಯಿಂದ ಹಾಕಿದರೆ ಚಿತ್ರ ಬೇರೆ: ಒಂದು ಟನ್ ಭತ್ತಕ್ಕೆ ಸುಮಾರು 200 ಕಿಲೋ ಉಮಿ, ಅದರಿಂದ ಸುಮಾರು 40 ಕಿಲೋ ಬೂದಿ, ಅಂದರೆ ಎಂಟು ಮೂಟೆ ಸಿಮೆಂಟಿನ ಕೆಲಸಕ್ಕೆ ಸಾಲುವಷ್ಟು. ಬಾಯ್ಲರಿನ ಒಲೆಯನ್ನೇ ಶಾಖ ಹಿಡಿತದಲ್ಲಿರುವಂತೆ ಕಟ್ಟಿದರೆ ಉಗಿಯೂ ಸಿಗುತ್ತದೆ, ಗುಂಡಿಗೆ ಬೀಳುವ ಬೂದಿಯೂ ಕೆಲಸಕ್ಕೆ ಬರುತ್ತದೆ. ಸುಣ್ಣಕಲ್ಲನ್ನು 1450 ಡಿಗ್ರಿಗೆ ಕಾಯಿಸಿ ಮಾಡುವ ಸಿಮೆಂಟಿನ ಒಂದಂಶವನ್ನು, ಹೇಗಿದ್ದರೂ ಸುಡುವ ಉಮಿಯಿಂದ ತುಂಬುವುದು ನನಗೆ ನ್ಯಾಯವಾಗಿ ತೋರುತ್ತದೆ. ಬನವಾಸಿಯ ಯಜಮಾನರ ಮುಂದೆ ಇದನ್ನು ಎರಡು ಸಲ ಇಟ್ಟಿದ್ದೇನೆ; ಯೋಚಿಸೋಣ ಎಂದಿದ್ದಾರೆ.

ತಂಗಿಯ ಜಗುಲಿಯನ್ನು ಈ ಬೂದಿಯಿಂದ ದುರಸ್ತಿ ಮಾಡಲಿಲ್ಲ. ತುಕ್ಕು ಕೆರೆದು, ಕೆಟ್ಟ ಸರಳು ಬದಲಿಸಿ, ಹೊದಿಕೆಯನ್ನು ದಪ್ಪವಾಗಿಸಿ, ಸಿದ್ಧ ದುರಸ್ತಿ ಗಾರೆಯನ್ನೇ ಬಳಸಿದೆ. ಆದರೆ ಅವಳ ಹಿತ್ತಲಿನ ಬಚ್ಚಲಕಾಲುವೆಯ ಮುಚ್ಚುಗಲ್ಲುಗಳನ್ನು ಬೂದಿ ಸೇರಿಸಿ ಎರಕ ಹಾಕಿಸುವ ಯೋಚನೆಯಿದೆ. ಕಳೆದ ತಿಂಗಳು ಮೇಸ್ತ್ರಿ ಬಂದು, ತಮ್ಮ ಊರಿನಲ್ಲಿ ಒಬ್ಬರ ಕೊಟ್ಟಿಗೆಯ ನೆಲಕ್ಕೆ ಬೂದಿ ಬೇಕು, ಉಮಿ ಅಲ್ಲಿಯ ಮಿಲ್ಲಿನಿಂದಲೇ ಸಿಗುತ್ತದೆ, ಡ್ರಮ್ಮುಗಳನ್ನು ಕೊಡಿ ಎಂದು ಕೇಳಿದರು. ಡ್ರಮ್ಮುಗಳನ್ನು ಕೊಟ್ಟೆ, ಥರ್ಮೊಕಪಲ್ಲನ್ನೂ ಕೊಟ್ಟೆ. ಉಮಿ ಬೇರೆ, ಬೆಂಕಿ ಹಾಕುವ ಕೈ ಬೇರೆ ಆದ್ದರಿಂದ ಕ್ಯೂಬು ಒಡೆಯುವವರೆಗೆ ನೆಲಕ್ಕೆ ಹಾಕಬಾರದೆಂದು ಹೇಳಿದೆ. ಅವರು ಒಪ್ಪಿ, ಸುಟ್ಟ ಮೊದಲ ಬೂದಿಯಿಂದ ಹಾಕಿದ ಒಂಬತ್ತು ಕ್ಯೂಬುಗಳನ್ನು ತಾವೇ ಹೊತ್ತು ತಂದರು. ಅವು ಈಗ ನಮ್ಮ ಬಾವಿಕಟ್ಟೆಯ ಪಕ್ಕದ ತೊಟ್ಟಿಯಲ್ಲಿ ಮುಳುಗಿವೆ. ಮುಂದಿನ ಗುರುವಾರಕ್ಕೆ ಇಪ್ಪತ್ತೆಂಟು ದಿನ ತುಂಬುತ್ತದೆ.